ಮೂವತ್ತೊಂದನೇ ಸಾಲಿನ ಕಿಟಕಿ ಸೀಟು

ಬೆಳಗಿನ ಐದೂವರೆ. ರಾತ್ರಿಯಿಡೀ ಹಾರಿ ಬಂದ ವಿಮಾನದಿಂದ ಕೊನೆಯ ಪ್ರಯಾಣಿಕ ಆಕಳಿಸುತ್ತಾ ಇಳಿಯುತ್ತಿದ್ದಂತೆ ಹಿಂಬಾಗಿಲಿನಿಂದ ಆರು ಹೆಂಗಸರು ಒಳಗೆ ನುಗ್ಗುತ್ತಾರೆ. ಮುಂದೆ ಇರುವವರು ದಿಂಬಮ್ಮ. ಮನೆಯವರಿಟ್ಟ ಹೆಸರು ಬೇರೆ ಇದೆ, ಇಲ್ಲಿ ಅದು ಯಾರಿಗೂ ಬೇಕಾಗಿಲ್ಲ.

ಮೂವತ್ತೈದು ನಿಮಿಷದಲ್ಲಿ ಕೆಲಸ ಮುಗಿಯಬೇಕು. ಹಿಂದಿನ ತೊಂಬತ್ತು ಸೀಟು ದಿಂಬಮ್ಮನ ಪಾಲು. ಹಳೇ ಕಂಬಳಿ ಚೀಲಕ್ಕೆ, ಹೊಸದು ಸೀಟಿಗೆ, ದಿಂಬಿಗೆ ಒಗೆದ ಗವಸು. ದಿನಕ್ಕೆ ಇಂಥ ನಾಲ್ಕು ವಿಮಾನ. ಮೂರು ಗಂಟೆಗೇ ಎದ್ದಿರುವ ಅವರ ನಿದ್ದೆಯೆಲ್ಲ ಬಸ್ಸಿನ ಕಂಬಿ ಹಿಡಿದು ನಿಂತಾಗಲೇ.

"ಹನ್ನೊಂದು ವರ್ಷದಿಂದ ನೋಡಿರೋದು ಬರೀ ನಿಂತ ವಿಮಾನ," ಎನ್ನುತ್ತಾರೆ. ಆದರೂ ಕಂಬಳಿ ನೋಡಿಯೇ ಯಾರು ಹೇಗೆ ಮಲಗಿದ್ದರೆಂದು ಹೇಳಬಲ್ಲರು. "ಇದು ನೋಡಿ, ಉಂಡೆ ಆಗಿದೆ. ಪಾಪ, ರಾತ್ರಿಯೆಲ್ಲಾ ಒದ್ದಾಡಿದಾರೆ."

ಇವತ್ತು ಕೈ ಓಡುತ್ತಿದ್ದರೂ ಮನಸ್ಸು ಇಲ್ಲಿಲ್ಲ. ಎರಡು ಗಂಟೆ ಬಿಟ್ಟು ಇದೇ ವಿಮಾನದಲ್ಲಿ ಅವರ ಅಕ್ಕ ಹೊರಡುತ್ತಾರೆ. ಅರವತ್ತೆರಡು ವರ್ಷ, ಮೊದಲ ವಿಮಾನ ಪ್ರಯಾಣ, ಹನ್ನೊಂದು ತಾಸು. ಇಳಿದವರೇ ನೇರ ಆಸ್ಪತ್ರೆಗೆ ಹೋಗಿ, ಹೊರದೇಶದಲ್ಲಿರುವ, ಆಪರೇಷನ್ ಆದ ತಮ್ಮನ ಪಕ್ಕ ರಾತ್ರಿಯಿಡೀ ಎಚ್ಚರವಾಗಿ ಕೂರಬೇಕು. ಅಲ್ಲಿ ಬೇರೆ ಯಾರೂ ಇಲ್ಲ. ವಿಮಾನದಲ್ಲೇ ನಿದ್ದೆ ಆಗದಿದ್ದರೆ ಮುಗಿಯಿತು.

ನಿನ್ನೆಯೇ ಫೋನಿನಲ್ಲಿ ಪಾಠ ಆಗಿದೆ. "ಬೆಲ್ಟು ಕಂಬಳಿ ಮೇಲೆ ಹಾಕ್ಕೋ ಅಕ್ಕಾ. ಒಳಗಿದ್ರೆ ಹಾಕಿದೀಯಾ ಅಂತ ನೋಡೋಕೆ ಎಬ್ಬಿಸ್ತಾರೆ. ದಿಂಬು ಸೊಂಟದ ಹಿಂದೆ ಇಟ್ಕೋ."

"ನೀನ್ಯಾವಾಗ ಹಾರಿದ್ಯೇ, ನಂಗೆ ಹೇಳ್ಕೊಡೋಕೆ?"

ಆ ಮಾತು ಚುಚ್ಚಿದೆ. ಅಕ್ಕನ ಸೀಟು ಮೂವತ್ತೊಂದನೇ ಸಾಲಿನ ಕಿಟಕಿ ಪಕ್ಕ. ಕೆಲಸದವರು ಸೀಟಿನಲ್ಲಿ ಕೂರುವಂತಿಲ್ಲ. ಹನ್ನೊಂದು ವರ್ಷ ಕೂತಿಲ್ಲದ ದಿಂಬಮ್ಮ ಅತ್ತಿತ್ತ ನೋಡಿ ಕೂತೇ ಬಿಡುತ್ತಾರೆ. ತಲೆ ಒರಗಿಸಿದರೆ ಸೀಟಿಗೂ ಗೋಡೆಗೂ ನಡುವೆ ಸಂದು! ಕತ್ತು ಜೋಲುತ್ತದೆ. ತಮ್ಮ ಶಾಲನ್ನು ಮಡಚಿ ಅಲ್ಲಿಗೆ ತುರುಕುತ್ತಾರೆ. ಈಗ ಸರಿಹೋಯಿತು. ಎಷ್ಟು ಸರಿಹೋಯಿತೆಂದರೆ, ಕಣ್ಣು ಮುಚ್ಚಿಯೇ ಹೋಯಿತು.

"ಏನಮ್ಮಾ, ಟಿಕೆಟ್ ತೋರ್ಸು!"

ಎದುರಿಗೆ ಸೂಪರ್‌ವೈಸರ್. ಹಿಂದೆ ಐವರೂ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಾರೆ.

"ತಪ್ಪಾಯ್ತು ಸಾರ್."

"ಇನ್ನೊಂದ್ಸಲ ಕಂಡ್ರೆ ಕೆಲ್ಸಕ್ಕೆ ಬರೋದೇ ಬೇಡ."

ಶಾಲನ್ನು ಎಳೆದುಕೊಂಡು ಎದ್ದು, ಉಳಿದ ಸೀಟು ಮುಗಿಸಿ, ಕೆಳಗಿಳಿದ ಕೂಡಲೇ ಅಕ್ಕನಿಗೆ ಫೋನು. "ನಿನ್ನ ಶಾಲನ್ನ ಮಡಚಿ ಗೋಡೆ ಸಂದಿಗೆ ತುರುಕು. ನಾನೇ ಮಲಗಿ ನೋಡಿದೀನಿ."

ಸಂಜೆ ಏಳೂವರೆಗೆ, ಬಸ್ಸಿನಲ್ಲಿ ತೂಗಾಡುತ್ತಾ ನಿಂತಿರುವಾಗ ಫೋನು ಬರುತ್ತದೆ.

"ಇಳಿದೆ ಕಣೇ. ಊಟಕ್ಕೂ ಎಬ್ಬಿಸ್ಲಿಲ್ಲ, ಹಾಗೆ ಮಲಗಿದ್ದೆ! ಈಗ ಆಸ್ಪತ್ರೆಗೆ ಹೊರಟೆ, ತಮ್ಮನ ಚಿಂತೆ ಬಿಡು. ಮತ್ತೆ, ಕಂಬಳಿ ಮಡಚಿಟ್ಟೇ ಇಳಿದೆ. ಅಲ್ಲೂ ನಿನ್ನಂಥವಳು ಯಾರೋ ಬರ್ತಾಳಲ್ಲ."

ದಿಂಬಮ್ಮ ಫೋನನ್ನು ಚೀಲಕ್ಕೆ ಹಾಕಿ ಮತ್ತೆ ಕಂಬಿ ಹಿಡಿಯುತ್ತಾರೆ. ಕಾಲು ಊದಿದೆ, ಇಳಿಯುವ ನಿಲ್ದಾಣ ಇನ್ನೂ ದೂರ. ನಿಮಗೇನು ಆಸೆ ಎಂದು ಕೇಳಿದರೆ ನಗುತ್ತಾರೆ.

"ಇನ್ನೇನು ಆಸೆ? ಈ ಬಸ್ಸಲ್ಲಿ ಒಂದು ಕಿಟಕಿ ಸೀಟು ಸಿಕ್ರೆ ಸಾಕು. ಶಾಲು ಹೇಗೂ ಇದೆ."