ಗಾಳಿ ಮೀಟರಿನ ಮುಖ ಯಾರ ಕಡೆಗೆ

ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾದರೆ ಬೈತಖೋಲ ಬಂದರಿನಲ್ಲಿ ಮಂಗೇಶನಷ್ಟು ಸಾಹುಕಾರ ಇನ್ನೊಬ್ಬನಿರಲಿಲ್ಲ. ಬೋಟಿನಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡು ಎಂಜಿನ್ ನಿಂತಾಗ, ಮುಳುಗಿ ಆ ಬಲೆಯನ್ನು ಕತ್ತರಿಸಿ ಬಿಡಿಸುವುದು ಅವನ ಕಸುಬು. ಬೆಳಿಗ್ಗೆ ಸದಾಶಿವಗಡದಿಂದ ಸೇತುವೆ ದಾಟಿ ಬಂದು ನಮ್ಮ ಐಸ್ ಫ್ಯಾಕ್ಟರಿಯ ಕಟ್ಟೆಯ ಮೇಲೆ ಗಾಳಿ ಸಿಲಿಂಡರ್ ಇಳಿಸಿ ಕೂರುತ್ತಿದ್ದ. ಯಾರಾದರೂ ಕರೆದರೆ ಏಳುತ್ತಿದ್ದ. ನಾನು ಆ ಫ್ಯಾಕ್ಟರಿಯಲ್ಲಿ ಐಸ್ ಪುಡಿ ಮಾಡುವ ಯಂತ್ರ ನೋಡಿಕೊಳ್ಳುವವನು. ತುಟಿ ಹೊಲಿದುಕೊಂಡು ಕೂತವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಅವನಿಗೆ ದಿನಾ ಚಹಾ ಕೊಡಿಸುತ್ತಿದ್ದೆ. ಹೆಂಡತಿ ಹೀರಾ ಜ್ವರದಲ್ಲಿ ತೀರಿಕೊಂಡ ಮೇಲೆ, ಚಹಾ ಆಯಿತೇ ಎಂದು ಅವನನ್ನು ಕೇಳುವವರೇ ಇರಲಿಲ್ಲ.

ಕಡಲಿಗೆ ಹೋಗುವ ಮನೆಯಲ್ಲಿ ಹುಟ್ಟಿದವರಿಗೆ ಬಲೆ ಅನ್ನವೂ ಹೌದು, ಯಮನೂ ಹೌದು. ಬಲೆ ಬಿಡುವಾಗ ಅಂಗಿಯ ಗುಂಡಿ ಸಿಕ್ಕಿಕೊಂಡರೆ ಸಾಕು, ಆಳು ಬಲೆಯ ಜೊತೆಗೇ ನೀರುಪಾಲು. ಅದಕ್ಕೇ ಮಂಗೇಶನ ಅಂಗಿಗೆ ಗುಂಡಿ ಇರಲಿಲ್ಲ, ಬೆರಳಲ್ಲಿ ಉಂಗುರ ಇರಲಿಲ್ಲ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೀಟರು ಒಂದು ರಬ್ಬರ್ ಪೈಪಿನ ತುದಿಯಲ್ಲಿ ಜೋತಾಡುತ್ತಿರುತ್ತದೆ. ಅದನ್ನು ಅವನು ಜಾಕೀಟಿನೊಳಗೆ, ಎದೆಗೆ ಮುಖ ಮಾಡಿ ತುರುಕಿಬಿಟ್ಟಿದ್ದ. ಯಾರಿಗೂ ಕಾಣುತ್ತಿರಲಿಲ್ಲ, ಅವನಿಗೂ ಕಾಣುತ್ತಿರಲಿಲ್ಲ. ಉಸಿರು ಎಳೆಯುವುದು ಭಾರವಾದರೆ ಮೇಲೆ ಬರುವುದು, ಅಷ್ಟೇ ಅವನ ಲೆಕ್ಕ.

"ಒಂದಿನ ಮೇಲೆ ಬರೂದೇ ಇಲ್ಲ ನೋಡು ನೀನು" ಎಂದು ಬೈದೆ.

"ಬರ್ದಿದ್ರೆ ಯಾರ್ ಕಾಯ್ತಾ ಕೂತಿರ್ತಾರೆ?" ಎಂದ. ಆ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

2006ರ ಮಳೆಗಾಲ ಮುಗಿದ ಮೇಲೆ ಹಬ್ಬುವಾಡದ ನಿತೇಶ, ಗೋವಾದಲ್ಲಿ ಡೈವಿಂಗ್ ಕಲಿತು ಬಂದವನು, ಪ್ರವಾಸಿಗರನ್ನು ದ್ವೀಪದ ಬಳಿ ನೀರಿಗಿಳಿಸಿ ಮೀನು ತೋರಿಸುವ ವ್ಯವಹಾರ ಶುರುಮಾಡಿದ. ಊರಿನ ಇಬ್ಬರು ಮುಳುಗುಗಾರರು ಅವನಿಗೆ ಬೇಕಾಗಿದ್ದರು. ಒಬ್ಬ ಮಂಗೇಶ. ಇನ್ನೊಬ್ಬ ಕೇಣಿಯ ನಾಗ, ಬಂಡೆಗೆ ಅಂಟಿದ ಚಿಪ್ಪಿ ಕೀಳಲು ಮುಳುಗಿ ಪಳಗಿದವನು. ನಾಗನ ಬಾಯಿ ನೀರಿನೊಳಗೆ ಮಾತ್ರ ಮುಚ್ಚಿರುತ್ತಿತ್ತು.

ಮೊದಲ ದಿನ ನಿತೇಶ ನಮ್ಮ ಕಟ್ಟೆಯ ಮೇಲೇ ಸಾಮಾನು ಹರಡಿ ಪಾಠ ಮಾಡಿದ. "ದಾದಾ, ಆಳ ತೋರ್ಸೂ ಮೀಟರು, ದಿಕ್ಸೂಚಿ, ಎರಡೂ ಮುಂಗೈಗೆ ಕಟ್ಕೋ. ಗಾಳಿ ಮೀಟರು ಎಡಗಡೆ, ಎದೆ ಹತ್ರ. ಜೋತಾಡಿದ್ರೆ ಬಂಡೆಗೆ ಬಡ್ದು ಒಡೀತದೆ. ಮೊದ್ಲು ನಿಂಗೆ ಕಾಣ್ಬೇಕು, ಆಮೇಲೆ ಜೋಡಿಯವಂಗೂ ಕಾಣ್ಬೇಕು."

"ಒಳಗೇ ಇರ್ಲಿ. ಬಲೆ ಹಿಡೀತದೆ" ಎಂದ ಮಂಗೇಶ.

"ದ್ವೀಪದ ಹತ್ರ ಬಲೆ ಎಲ್ಲದೆ?"

"ಮೀನಿದ್ದಲ್ಲಿ ಬಲೆ ಇರ್ತದೆ."

ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ನಿತೇಶ ಸಿಡುಕಿ ಎದ್ದು ಹೋದ. ಅವನು ಅತ್ತ ಹೋದದ್ದೇ ನಾಗ ಬಲೆ ಹೆಣೆಯುವ ದಾರ ತೆಗೆದು, ಮಂಗೇಶನ ಮೀಟರನ್ನು ಎಡಭುಜದ ಪಟ್ಟಿಗೆ ಬಿಗಿಯಾಗಿ ಕಟ್ಟಿದ. ಬಲೆಯ ಒಂದು ಎಳೆಯೂ ಅದರಡಿ ನುಸುಳುವಂತಿರಲಿಲ್ಲ. ಮುಖ ಮಾತ್ರ ಹೊರಗೆ. ಮಂಗೇಶ ಕತ್ತು ಹೊರಳಿಸಿ ನೋಡಿದರೆ ಅದರ ಬೆನ್ನಷ್ಟೇ ಕಂಡಿತು.

"ನಂಗೆ ಕಾಣೂದಿಲ್ವೋ ನಾಗಾ."

"ನಿಂದು ನಾ ನೋಡ್ತೆ ಮಂಗೇಶಣ್ಣಾ. ನಂದು ನೀ ನೋಡು" ಎಂದು ನಾಗ ತನ್ನದನ್ನೂ ಹಾಗೇ ಕಟ್ಟಿಕೊಂಡ.

ನಿತೇಶನ ಪಾಠದ ಪ್ರಕಾರ ಇದು ಶುದ್ಧ ಹುಚ್ಚು. ಆದರೆ ಇಬ್ಬರೇ ಹೋಗುವ ಸಣ್ಣ ದೋಣಿಯಲ್ಲಿ ಇವರ ರೀತಿಯೇ ಅದು. ಬಲೆ ಬಿಡುವವನು ತನ್ನ ಕಾಲಬುಡ ನೋಡುವುದಿಲ್ಲ, ಹುಟ್ಟು ಹಿಡಿದವನು ಅವನ ಕಾಲಿನ ಮೇಲೆ ಕಣ್ಣಿಟ್ಟಿರುತ್ತಾನೆ. ತನ್ನ ಕಾಲನ್ನು ತಾನೇ ನೋಡಿಕೊಂಡರೆ ಜೊತೆಯವನ ಮೇಲೆ ನಂಬಿಕೆಯಿಲ್ಲ ಎಂದು ಹೇಳಿದ ಹಾಗೆ. ಹಾಗಾಗಿ ನಿತೇಶನಿಗೆ ಹೂಂ ಎಂದು ಕೆಲಸಕ್ಕೆ ಸೇರಿ, ದಡದಲ್ಲಿ ಅವನು ಹೇಳಿದಂತೆ ಮೀಟರು ಇಟ್ಟುಕೊಂಡು, ಬೋಟು ದ್ವೀಪ ಮುಟ್ಟಿದ ಮೇಲೆ ದಾರ ಬಿಗಿಯುತ್ತಿದ್ದರು. ನೀರಿನಡಿ ಒಬ್ಬ ಇನ್ನೊಬ್ಬನ ಭುಜ ನೋಡಿ ಬೆರಳು ತೋರಿಸುವುದು. ಮೀಟರಿನ ಮುಳ್ಳು ಐವತ್ತರಲ್ಲಿದ್ದರೆ ಒಂದು ಬೆರಳು, ಸಿಲಿಂಡರ್ ತುಂಬಿ ಇನ್ನೂರರಲ್ಲಿದ್ದರೆ ನಾಲ್ಕು.

ಮಂಗೇಶ ಮಾತಾಡಲು ಕಲಿತ. "ಆ ನಾಗ ಮೀನು ನೋಡೂದೇ ಇಲ್ಲ ಮಾರಾಯಾ, ನನ್ ಭುಜಾನೇ ನೋಡ್ತಾ ಇರ್ತಾನೆ" ಎಂದು ನನ್ನೆದುರು ನಕ್ಕ. ಅವನ ಹಲ್ಲು ಹೇಗಿವೆ ಎಂದು ನನಗೆ ಗೊತ್ತಾದದ್ದು ಆಗ. ರವಿವಾರ ಕೇಣಿಗೆ ಹೋಗಿ ನಾಗನ ಹೆಂಡತಿ ಭಾರತಿ ಮಾಡಿದ ಮೀನುಸಾರು ಉಂಡು ಬರುತ್ತಿದ್ದ. ನನಗೆ ಹೊಟ್ಟೆಕಿಚ್ಚೂ ಆಯಿತು. ಅಷ್ಟು ವರ್ಷ ಚಹಾ ಕೊಡಿಸಿದವನು ನಾನು! ಆದರೆ ಅವನ ಉಸಿರು ಎಷ್ಟು ಉಳಿದಿದೆ ಎಂದು ನಾನು ಯಾವತ್ತೂ ನೋಡಿದವನಲ್ಲ.

ಎರಡನೇ ವರ್ಷ ಪ್ರವಾಸಿಯೊಬ್ಬ ನೀರಿನಡಿ ಹೆದರಿ ಬಾಯಿಯ ನಳಿಗೆ ಕಿತ್ತುಕೊಂಡ. ಮಂಗೇಶ ಅವನನ್ನು ಅವುಚಿಕೊಂಡು ಮೇಲೆ ಬಂದ. ನಾಗ ಬಂಡೆಯ ಸಂದಿಗೆ ಸಿಕ್ಕ ಲಂಗರು ಬಿಡಿಸಲು ಕೆಳಗೇ ಉಳಿದ. ಅವನ ಮೀಟರು ನೋಡುವವನು ಮೇಲಿದ್ದ. ಗಾಳಿ ಮುಗಿದದ್ದು ನಾಗನಿಗೆ ತಿಳಿದದ್ದು ಬಾಯಿಗೆ ಏನೂ ಬರದಿದ್ದಾಗಲೇ. ಜೀವ ಉಳಿಸಿಕೊಳ್ಳಲು ಒಮ್ಮೆಗೇ ಮೇಲಕ್ಕೆ ಚಿಮ್ಮಿದ. ಜೀವ ಉಳಿಯಿತು, ಬಲಕಿವಿ ಹೋಯಿತು. ಇನ್ನು ತಲೆಯನ್ನು ನೀರಿನಲ್ಲಿ ಅದ್ದಲೂ ಕೂಡದು ಎಂದರು ಡಾಕ್ಟರು.

"ನಾ ಹೇಳಿದ್ದು ಇದ್ಕೇ ಅಲ್ವಾ ದಾದಾ?" ಎಂದು ನಿತೇಶ ಕೇಳಿದ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬೇರೆ ಜೋಡಿ ಕೊಡುತ್ತೇನೆ, ಸರಿಯಾಗಿ ಕಟ್ಟಿಕೊಂಡು ಬಾ ಎಂದ. ಮಂಗೇಶ ಹೋಗಲಿಲ್ಲ. ನಮ್ಮ ಕಟ್ಟೆಗೇ ವಾಪಸು ಬಂದ. ಕೇಣಿಯ ಕಡೆ ಮುಖ ಹಾಕಲಿಲ್ಲ.

ಮೀಟರು ಮಾತ್ರ ಎಡಭುಜದ ಮೇಲೆ, ಹೊರಕ್ಕೆ ಮುಖ ಮಾಡಿಕೊಂಡೇ ಇತ್ತು. ಬೋಟಿನಡಿಯ ಆ ರಾಡಿ ನೀರಿನಲ್ಲಿ ಅದನ್ನು ಓದುವ ಪಿಶಾಚಿ ಯಾರು ಎಂದು ಕೂಗಾಡಿದೆ. ಅವನು ಚಹಾ ಮುಗಿಸಿ ಲೋಟ ಇಟ್ಟ. ಒಂದು ಮಧ್ಯಾಹ್ನ ಅವನನ್ನು ಟ್ರಾಲರಿನ ಬದಿಯಿಂದ ಎಳೆದು ಹಾಕಿದರು. ತುಟಿ ನೀಲಿಯಾಗಿತ್ತು, ಸಿಲಿಂಡರ್ ಪೂರ್ತಿ ಖಾಲಿ. ಅವನ ಉಸಿರು ಸರಿಯಾದ ಮೇಲೆ ನಾನು ನಾಗನಿಗೆ ಫೋನು ಮಾಡಿದೆ.

ನಾಗ ಮರುದಿನವೇ ಬಸ್ಸಿಗೆ ಬಂದ. ಮಂಗೇಶ ನೆಲ ನೋಡುತ್ತ ಕೂತಿದ್ದ. ನಾಗ ಪಕ್ಕದಲ್ಲಿ ಕೂತು ಜಾಕೀಟನ್ನು ತೊಡೆಯ ಮೇಲೆ ಎಳೆದುಕೊಂಡ.

"ಭಾರತಿ ದಿನಾ ಕೇಳ್ತದೆ, ಮಂಗೇಶಣ್ಣ ಯಾಕ್ ಬರೂದಿಲ್ಲ ಅಂತ."

"ಹೆಂಗ್ ಬರ್ಲೋ? ನಿಂದು ನಾ ನೋಡ್ತೆ ಅಂದಿದ್ದೆ. ನೋಡ್ಲಿಲ್ಲ."

"ಎಂತ ಅಂದೆ? ಆ ಕಿವಿ ಕೇಳೂದಿಲ್ಲ, ಈ ಬದಿಗ್ ಬಾ."

ಮಂಗೇಶ ಎದ್ದು ಎಡಬದಿಗೆ ಬಂದು ಕೂತ. ಆದರೆ ಆ ಮಾತನ್ನು ಎರಡನೇ ಸಲ ಆಡಲು ಅವನಿಂದ ಆಗಲಿಲ್ಲ.

ನಾಗ ಚೂರಿಯಿಂದ ಹಳೇ ದಾರ ಕತ್ತರಿಸಿದ. ಮೀಟರನ್ನು ತಿರುಗಿಸಿ, ಕೆಳಗೆ ಎದೆಯ ಹತ್ತಿರ, ಮಂಗೇಶ ಗಲ್ಲ ತಗ್ಗಿಸಿದರೆ ಕಾಣುವ ಹಾಗೆ ಹೊಸ ದಾರದಿಂದ ಕಟ್ಟಿದ. ಬಿಗಿಯಾಗಿದೆಯೇ ಎಂದು ಎಳೆದು ನೋಡಿದ. ಅಷ್ಟರಲ್ಲಿ ಯಾವುದೋ ಬೋಟಿನವರು ಕೂಗಿದರು. ಮಂಗೇಶ ಜಾಕೀಟು ತೊಟ್ಟು ಗಾಳಿ ತೆರೆದ. ಮುಳ್ಳು ಏರಿ ನಿಂತಿತು. ತನ್ನ ಮೀಟರನ್ನು ತಾನೇ ಓದಿ, ರೂಢಿಯಂತೆ ನಾಗನ ಕಡೆ ನಾಲ್ಕು ಬೆರಳೆತ್ತಿದ.

ನಾಗ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದ. "ನಂಗಲ್ಲ ಮಂಗೇಶಣ್ಣಾ. ಇನ್ಮೇಲೆ ನಿಂಗೇ."

ಮಂಗೇಶ ಬೆರಳು ಮಡಚಿಕೊಂಡ. ಕಣ್ಣಿನ ಗಾಜು ಏರಿಸಿಕೊಂಡು ಒಬ್ಬನೇ ನೀರಿಗಿಳಿದ.