ಪಪ್ಪನ ಸ್ನಾನದ ನೀರು

ಇವತ್ತು ಔಷಧಿ ಅಂಗಡಿಯಲ್ಲಿ ಕೊಟ್ಟ ಕರಪತ್ರದಲ್ಲಿ, ಚರ್ಮ ಒಣಗದಿರಲು ಬಿಸಿನೀರಿನ ಸ್ನಾನ ಬೇಡ ಎಂದಿತ್ತು. ಓದುತ್ತಿದ್ದಂತೆ ಕೊಲ್ಲಿ ದೇಶದ ಅಲ್ ಖೋರ್‌ನ ನಮ್ಮ ಮನೆಯ ಬಚ್ಚಲು ಕಣ್ಣ ಮುಂದೆ ಬಂತು.

ಊರಿನಿಂದ ಅಲ್ಲಿಗೆ ಹೋದ ಮೊದಲ ಬೇಸಿಗೆ ಅದು. ಪಪ್ಪ ಸೈಟ್ ಸೂಪರ್‌ವೈಸರ್. ಕಂಪನಿ ಬಸ್ಸಿನಿಂದ ಇಳಿಯುವಾಗ ಅವರ ಕತ್ತು ಬಿಸಿಲಿಗೆ ಸುಲಿದಿರುತ್ತಿತ್ತು, ಕಾಲರ್ ತಾಗಿದರೂ ಉರಿಯುತ್ತಿತ್ತು. ಶಾಲೆಯಲ್ಲಿ ಕೊಟ್ಟ ಇಂಥದ್ದೇ ಕರಪತ್ರವನ್ನು ಬಾಯಿಪಾಠ ಮಾಡಿದ್ದ ನನಗೆ, ಪಪ್ಪನ ಚರ್ಮವನ್ನು ನಾನೇ ವಾಸಿ ಮಾಡಬೇಕೆಂಬ ಹಟ. ಒಂದು ಸಂಜೆ ಮಮ್ಮಿ ಬಿಸಿನೀರಿನ ನಲ್ಲಿಯಿಂದ ಬಕೆಟ್ ತುಂಬಿಸಿಟ್ಟದ್ದು ಕಂಡು, ಸದ್ದಿಲ್ಲದೆ ಅದನ್ನು ಚೆಲ್ಲಿ ತಣ್ಣೀರಿನ ನಲ್ಲಿಯಿಂದ ತುಂಬಿಸಿದೆ.

ಮೊದಲ ಚೊಂಬಿಗೇ ಪಪ್ಪ ಕೂಗಿಕೊಂಡರು.

ಅಲ್ಲಿ ಬೇಸಿಗೆಯಲ್ಲಿ ಎಲ್ಲವೂ ತಿರುಗುಮುರುಗು. ತಾರಸಿಯಲ್ಲಿ ಬಿಸಿಲಿಗೆ ಕಾದ ಟ್ಯಾಂಕಿನಿಂದ ನೇರವಾಗಿ ಬರುವ ತಣ್ಣೀರೇ ಮೈ ಸುಡುತ್ತದೆ. ಅದಕ್ಕೇ ಮನೆಯೊಳಗಿನ ಹೀಟರ್ ಆರಿಸಿಟ್ಟು, ಅದರೊಳಗೆ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯುತ್ತಾರೆ.

"ಡಾಕ್ಟರಮ್ಮ, ಕೈ ಹಾಕಿ ನೋಡ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಮಮ್ಮಿ ಪಪ್ಪನ ಕತ್ತಿಗೆ ತೆಂಗಿನೆಣ್ಣೆ ಹಚ್ಚುತ್ತಾ ಕೇಳಿದರು. ನಾನು ಅಳುತ್ತಾ ಕರಪತ್ರ ತೋರಿಸಿದೆ. ಪಪ್ಪ ಓದಿ ನಕ್ಕರು. ಮುದ್ದು ಬಂದಾಗ ಅವರಿಗೆ ಮಗಳೂ 'ಪುತಾ', ಮಗನೇ.

"ಇದು ಬರೆದವ ಇಲ್ಲಿ ಒಂದು ದಿನವೂ ಮಿಂದಿಲ್ಲ ಪುತಾ. ಬಿಡು, ಖಲಾಸ್."

ಈಗ ಕಟ್ಟಡ ಕಾರ್ಮಿಕರಿಗಾಗಿ ನಾನೂ ಕರಪತ್ರ ಬರೆಯುತ್ತೇನೆ. ಒಂದು ಹಾಳೆಗೆ ಇಷ್ಟು ದಿನ ಬೇಕಾ ಎಂದು ಗೆಳೆಯರು ಬೈಯುತ್ತಾರೆ. ಕಾರ್ಮಿಕರು ಎಲ್ಲಿ ಮೀಯುತ್ತಾರೆ, ಯಾವ ನೀರು ಸಿಗುತ್ತದೆ ಎಂದು ಮೊದಲು ಹೋಗಿ ಕೇಳಿಕೊಂಡು ಬರುತ್ತೇನೆ. ಆಮೇಲೆಯೇ ಬರೆಯುವುದು.