ಒಂಬತ್ತನೇ ಹಾಸಿಗೆಯ ಇಂಗ್ಲಿಷ್

ಆಸ್ಪತ್ರೆಯಲ್ಲಿ ಅವಳಿಗೆ ಡಿಕ್ಷನರಿ ಸಿಸ್ಟರ್ ಎಂದು ಹೆಸರು ಬಿದ್ದು ಎರಡು ವರ್ಷವಾಗಿತ್ತು. ಇಟ್ಟವರು ಯಾರೋ ಗೊತ್ತಿಲ್ಲ. ಕರೆಯುವವರು ಮಾತ್ರ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ. ನಲವತ್ತೈದರ ಹೆಂಗಸು, ಗಂಡಸರ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ನಿಂತೇ ಸವೆಸಿದವಳು. ಮೊಣಕಾಲಿನ ಕೆಳಗೆ ನರಗಳು ನೀಲಿಗಟ್ಟಿ ಗಂಟುಗಂಟಾಗಿದ್ದವು. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಕುರ್ಚಿ. ಇನ್‌ಚಾರ್ಜ್ ಸಿಸ್ಟರ್ ಆದವರಿಗೆ ವಾರ್ಡಿನ ಬಾಗಿಲ ಪಕ್ಕ ಮೇಜು, ಕುರ್ಚಿ, ಹಗಲು ಮಾತ್ರ ಕೆಲಸ. ಅದಕ್ಕಾಗಿ ಎರಡು ಸಲ ಸಂದರ್ಶನಕ್ಕೆ ಹೋಗಿ ಎರಡು ಸಲವೂ ಬರಿಗೈಲಿ ಬಂದಿದ್ದಳು. ಎರಡನೇ ಸಲ ಸೂಪರಿಂಟೆಂಡೆಂಟ್ ಮೇಡಂ ಕಾರಣವನ್ನೂ ಹೇಳಿ ಕಳಿಸಿದ್ದರು. "ಕೆಲಸದ ಬಗ್ಗೆ ದೂರಿಲ್ಲ. ಆದ್ರೆ ನಿಮ್ಮ ಇಂಗ್ಲಿಷು ಇನ್ನೂ ಆರನೇ ಕ್ಲಾಸಲ್ಲೇ ಕೂತಿದೆ."

ಆ ಮಾತು ಅವಳಿಗೆ ಚುಚ್ಚಿತು. ಹಳೇ ಪುಸ್ತಕದ ಅಂಗಡಿಯಿಂದ ಇಟ್ಟಿಗೆ ಗಾತ್ರದ ಪದಗಳ ಪುಸ್ತಕವೊಂದನ್ನು ತಂದಳು. ವಾರಕ್ಕೆ ಹತ್ತು ಪದ. ಖಾಲಿಯಾದ ಮಾತ್ರೆ ಡಬ್ಬಿಗಳನ್ನು ಬಿಚ್ಚಿ, ಒಳಗಿನ ಬಿಳಿ ಬದಿಯಲ್ಲಿ ಪದ ಮತ್ತು ಅರ್ಥ ಬರೆದು ಜೇಬಿನಲ್ಲಿಟ್ಟುಕೊಳ್ಳುವಳು. ಜ್ವರ ನೋಡುವಾಗ, ಥರ್ಮಾಮೀಟರು ರೋಗಿಯ ಕಂಕುಳಲ್ಲಿರುವ ಆ ಒಂದೆರಡು ನಿಮಿಷ ಅವಳದು. ರೋಗಿ ಸೂರು ನೋಡುವನು, ಇವಳು ತುಟಿ ಅಲ್ಲಾಡಿಸುವಳು. ಹೊಸದಾಗಿ ಬಂದವರು ಸಿಸ್ಟರ್ ತಮಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡು ಕೈ ಮುಗಿದದ್ದೂ ಉಂಟು.

ಮನೆಯಲ್ಲಿ ಪರೀಕ್ಷೆ ತೆಗೆದುಕೊಳ್ಳುವ ಕೆಲಸ ಗಂಡನದು. ಗಡಿಯಾರ ರಿಪೇರಿ ಮಾಡುವ ಆತ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಪದ ಓದುವನು, ಇವಳು ಪಾತ್ರೆ ತಿಕ್ಕುತ್ತಾ ಅರ್ಥ ಹೇಳುವಳು.

"ಇನ್ಮೇಲೆ ನನ್ನನ್ನ ಇಂಗ್ಲಿಷಲ್ಲೇ ಬೈಯಿ ಮಾರಾಯ್ತಿ," ಎನ್ನುವನು. "ಅರ್ಥ ಆಗಲ್ಲ, ನೆಮ್ಮದಿಯಾಗಿರ್ತೀನಿ."

ನಗುವಷ್ಟು ತ್ರಾಣ ಅವಳಲ್ಲಿ ಉಳಿದಿರುತ್ತಿರಲಿಲ್ಲ. ಕೈ ಒರೆಸಿಕೊಂಡು ಮುಂದಿನ ಪದ ಕೇಳುವಳು.

ಕಲಿಯುವುದೇನೂ ತಪ್ಪಲ್ಲ. ಆದರೆ ಕಲಿತದ್ದನ್ನು ಎಲ್ಲಾದರೂ ಇಳಿಸಬೇಕಲ್ಲ! ರೋಗಿಗಳ ಮೇಲೆ ಇಳಿಸಿದರೆ ಪಾಪ ಬಂದೀತು, ಡಾಕ್ಟರುಗಳಿಗೆ ಕೇಳುವ ವ್ಯವಧಾನವಿಲ್ಲ. ಉಳಿದದ್ದು ಪಾಳಿ ಒಪ್ಪಿಸುವ ರಿಜಿಸ್ಟರ್. ಒಂದು ಪಾಳಿಯವರು ಮನೆಗೆ ಹೋಗುವ ಮುನ್ನ ಯಾವ ಹಾಸಿಗೆಯಲ್ಲಿ ಯಾರು ಹೇಗಿದ್ದಾರೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಆಮೇಲೆ ಮುಂದಿನ ಪಾಳಿಯವರ ಜತೆ ಹಾಸಿಗೆಯಿಂದ ಹಾಸಿಗೆಗೆ ನಡೆದು ಬಾಯಲ್ಲೂ ಹೇಳಬೇಕು. ಆ ರಿಜಿಸ್ಟರನ್ನು ತಿಂಗಳಿಗೊಮ್ಮೆ ಮೇಡಂ ತರಿಸಿ ನೋಡುತ್ತಾರೆ. ಡಿಕ್ಷನರಿ ಸಿಸ್ಟರ್ ಬರೆಯುತ್ತಿದ್ದುದು ಆ ಒಂದು ದಿನಕ್ಕಾಗಿ.

ಮಧ್ಯಾಹ್ನ ಎರಡಕ್ಕೆ ಅವಳಿಂದ ವಾರ್ಡು ವಹಿಸಿಕೊಳ್ಳುತ್ತಿದ್ದವರು ದೊಡ್ಡಕ್ಕ. ಎಲ್ಲರೂ ಹಾಗೇ ಕರೆಯುವುದು. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಇವಳಿಗೆ ಮೊದಲ ಸೂಜಿ ಚುಚ್ಚಲು ಕಲಿಸಿದ್ದೇ ಅವರು. ಹೋದ ತಿಂಗಳು ರಿಜಿಸ್ಟರಿನಲ್ಲಿ ಯಾವುದೋ ಪದ ತೋರಿಸಿ, "ಏನೇ ಇದು?" ಎಂದು ಕೇಳಿದ್ದರು. ಇವಳು ನಾಲ್ಕು ಜನರೆದುರು ಅದರ ಅರ್ಥ, ಬಳಕೆ, ಮೂಲ ಎಲ್ಲವನ್ನೂ ಪಾಠದಂತೆ ಹೇಳಿದ್ದಳು. ಯಾರೋ ಕಿಸಕ್ಕೆಂದರು. ಅಂದಿನಿಂದ ದೊಡ್ಡಕ್ಕ ಕೇಳುವುದನ್ನು ಬಿಟ್ಟರು.

ಮೂರನೇ ಸಲದ ಸಂದರ್ಶನಕ್ಕೆ ಒಂದು ವಾರವಿತ್ತು. ಒಂಬತ್ತನೇ ಹಾಸಿಗೆಯಲ್ಲಿ ಸಕ್ಕರೆ ಕಾಯಿಲೆಯ ಮುದುಕ, ಹಿಂದೆ ಲಾರಿ ಓಡಿಸುತ್ತಿದ್ದವನು. ಬೆಳಿಗ್ಗೆ ಇನ್ಸುಲಿನ್ ಆಗಿತ್ತು, ಊಟ ಮಾತ್ರ ಸೇರಿರಲಿಲ್ಲ. ಹನ್ನೆರಡೂವರೆಗೆ ಸಕ್ಕರೆ ಕೆಳಗಿಳಿದಿತ್ತು. ಇವಳೇ ಗ್ಲೂಕೋಸ್ ನೀರು ಕುಡಿಸಿ ಮೇಲೆ ತಂದಿದ್ದಳು. ಆದರೂ ಮುದುಕ ತೂಕಡಿಸುತ್ತಿದ್ದ. ಆರನೇ ಕ್ಲಾಸಿನ ಇಂಗ್ಲಿಷಿನ ಕಾಲದಲ್ಲಾಗಿದ್ದರೆ, ಊಟ ಮಾಡಿಲ್ಲ, ಮಂಪರಿದೆ, ಮೂರು ಗಂಟೆಗೆ ಮತ್ತೆ ಸಕ್ಕರೆ ನೋಡಿ ಎಂದು ಬರೆದು ಮುಗಿಸುತ್ತಿದ್ದಳು. ಅಂದು ಮಾತ್ರ ಮಂಪರು ಎನ್ನಲು ಸೋಮ್ನೊಲೆಂಟ್ ಎಂದು ಬರೆದಳು, ಬಿಡದೆ ನಿಗಾ ಇಡಿ ಎನ್ನಲು ಅಸಿಡ್ಯುಅಸ್ ಸರ್ವೈಲನ್ಸ್ ಎಂದು ಬರೆದಳು. ಎರಡೂ ಆ ವಾರದ ಪದಗಳು. ಸಾಲು ಎಷ್ಟು ಚೆಂದ ಕಂಡಿತೆಂದರೆ ಮತ್ತೊಮ್ಮೆ ಓದಿದಳು. ಕಾಲು ಸಿಡಿಯುತ್ತಿತ್ತು. ದೊಡ್ಡಕ್ಕ ಬಂದಾಗ, "ಎಲ್ಲಾ ಬರ್ದಿದೀನಿ ಅಕ್ಕ, ನೋಡ್ಕೊಳ್ಳಿ," ಎಂದು ಹಾಸಿಗೆಗಳ ನಡುವಿನ ಓಡಾಟ ಬಿಟ್ಟು ಬಸ್ಸಿಗೆ ಹೋದಳು.

ನಾಲ್ಕೂವರೆಗೆ ಮುದುಕನನ್ನು ನೋಡಲು ಬಂದ ಮಗಳು, ಅಪ್ಪ ಏಳುತ್ತಿಲ್ಲ ಎಂದು ಕೂಗಿಕೊಂಡಳು. ಮೈಯೆಲ್ಲ ಬೆವರಿ ತಣ್ಣಗಾಗಿತ್ತು. ದೊಡ್ಡಕ್ಕನೇ ಓಡಿ ನರ ಹುಡುಕಿ ಗ್ಲೂಕೋಸ್ ಏರಿಸಿದರು. ಎರಡು ದಿನ ಐಸಿಯುನಲ್ಲಿದ್ದು ಮುದುಕ ಬದುಕಿದ. ಮಾತು ಮಾತ್ರ ಸ್ವಲ್ಪ ತೊದಲುವಂತಾಯಿತು.

ಮೂರನೇ ದಿನ ವಿಚಾರಣೆ. ಮೇಡಂ ಮೇಜಿನ ಮೇಲೆ ರಿಜಿಸ್ಟರ್ ತೆರೆದಿತ್ತು.

"ಇದನ್ನ ನೀವೇ ಬರ್ದಿದ್ದಾ? ತುಂಬಾ ಸುಧಾರಿಸಿದೀರಿ ಕಣ್ರೀ," ಎಂದರು ಮೇಡಂ. ಈ ಒಂದು ಮಾತಿಗಾಗಿ ಅವಳು ಎರಡು ವರ್ಷ ನಿದ್ದೆಗೆಟ್ಟಿದ್ದಳು. ಕೇಳಿದಾಗ ಆ ಸಾಲಿನ ಮೇಲಿಂದ ಕಣ್ಣು ತೆಗೆದಳು.

"ನೀವು ಸರಿಯಾಗಿ ಬರ್ದಿದೀರಿ, ಅವರು ನೋಡ್ಕೊಂಡಿಲ್ಲ. ಇಷ್ಟೇ ವಿಷ್ಯ. ಸಹಿ ಹಾಕಿ," ಎಂದು ಮೇಡಂ ಟೈಪಾದ ಹಾಳೆ ಮುಂದಿಟ್ಟರು.

ಗೋಡೆಯ ಪಕ್ಕ ನಿಂತಿದ್ದ ದೊಡ್ಡಕ್ಕ ತಲೆ ಎತ್ತಲಿಲ್ಲ. "ಹೌದು ಮೇಡಂ, ನಂದೇ ತಪ್ಪು. ಆ ಪದ ಏನು ಅಂತ ಗೊತ್ತಾಗ್ಲಿಲ್ಲ. ಮುದುಕ ಆರಾಮಾಗಿ ಮಲಗಿದಾನೆ ಅನ್ಕೊಂಡೆ. ಫೋನ್ ಮಾಡಿ ಕೇಳೋಣ ಅನ್ನಿಸ್ತು, ಆದ್ರೆ..." ಎಂದು ನಿಲ್ಲಿಸಿದರು.

ಆ 'ಆದ್ರೆ'ಯ ಮುಂದೆ ಏನಿದೆ ಎಂದು ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಡಿಕ್ಷನರಿ ಸಿಸ್ಟರ್ ಪೆನ್ನು ಹಿಡಿದು ಕೂತಳು. ಸಹಿ ಹಾಕಿದರೆ ಕುರ್ಚಿ ಬಹುಪಾಲು ಸಿಕ್ಕಂತೆಯೇ. ಹಾಕಬೇಕೆಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಅಷ್ಟು ದಣಿದಿದ್ದಳು.

"ಮೇಡಂ, ಹೋದ ವಾರದ ತನಕ ಆ ಪದ ನಂಗೂ ಗೊತ್ತಿರಲಿಲ್ಲ," ಎಂದಳು.

"ಅಂದ್ರೆ?"

"ಅವರಿಗೆ ಅರ್ಥ ಆಗ್ಲಿ ಅಂತ ಬರ್ದಿದ್ದಲ್ಲ ಮೇಡಂ, ನಿಮ್ಮ ಕಣ್ಣಿಗೆ ಬೀಳ್ಲಿ ಅಂತ ಬರ್ದಿದ್ದು. ಬಾಯಲ್ಲಿ ಹೇಳದೆ ಹೋಗಿದ್ದೂ ನಾನೇ."

ಮೇಡಂ ಕನ್ನಡಕ ತೆಗೆದರು. "ಇದನ್ನ ಬರೆದು ಕೊಟ್ರೆ ಮುಂದಿನ ವಾರ ಸಂದರ್ಶನಕ್ಕೆ ಬರೋದು ಬೇಡ. ಈ ವರ್ಷ ಅಂತಲ್ಲ. ಫೈಲಲ್ಲಿ ಕೂತ ಮೇಲೆ ಯಾವತ್ತೂ ಅಷ್ಟೇ. ಯೋಚ್ನೆ ಮಾಡಿ."

ಅವಳು ಖಾಲಿ ಹಾಳೆ ಕೇಳಿದಳು. ಬರೆಯಲು ಐದು ನಿಮಿಷ ಸಾಕಾಯಿತು.

ಹೊರಗೆ ಬಂದದ್ದೇ ದೊಡ್ಡಕ್ಕ ಅವಳ ರಟ್ಟೆ ಹಿಡಿದು ನಿಲ್ಲಿಸಿದರು. ಮುಖ ಕೆಂಪಾಗಿತ್ತು.

"ತಲೆ ಕೆಟ್ಟಿದೆಯೇನೇ ನಿಂಗೆ? ನಂದು ಎಂಟು ತಿಂಗಳು, ಹೆಂಗೋ ಉಗಿಸ್ಕೊಂಡು ಕಳೀತಿದ್ದೆ. ನಿಂದಿನ್ನೂ ಹದಿನೈದು ವರ್ಷ ಇದೆಯಲ್ಲೇ!"

"ಗೊತ್ತು ಅಕ್ಕ," ಎಂದಳು ಅವಳು. ಗೋಡೆಗೆ ಒರಗಿ ಅತ್ತಳು. ಮುದುಕನಿಗಾಗಿ ಸ್ವಲ್ಪ, ದೊಡ್ಡಕ್ಕನಿಗಾಗಿ ಸ್ವಲ್ಪ. ಉಳಿದದ್ದೆಲ್ಲ ಆ ಹದಿನೈದು ವರ್ಷಕ್ಕೆ.